ನಾಲ್ಕು ಮಹಡಿಗೆ ಒಂದೇ ಮೆಟ್ಟಿಲು: ಬೆಂಕಿ ಬಿದ್ದರೆ ನಾವೇನು ಮಾಡಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ಸರ್ಕಾರದ ವಸತಿ ಯೋಜನೆಯಲ್ಲಿ ಕಟ್ಟಿಕೊಟ್ಟ ಮನೆಯಲ್ಲಿ ಇದ್ದೇವೆ. ನೆಲಮಹಡಿ ಸೇರಿ ನಾಲ್ಕು ಮಹಡಿ, ಮಹಡಿಗೆ 8ರಂತೆ 32 ಮನೆ, ಮೆಟ್ಟಿಲು ಒಂದೇ. ಹೋದ ತಿಂಗಳು ರಾತ್ರಿ ಹನ್ನೊಂದರ ಹೊತ್ತಿಗೆ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿಗೆ ಬೆಂಕಿ ಹತ್ತಿತು. ಪಕ್ಕದಲ್ಲಿದ್ದ ಬೈಕಿನ ಸೀಟೂ ಸುಟ್ಟಿತು. ಹುಡುಗರು ಮರಳು ಹಾಕಿ ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಹೊಗೆ ಮೂರನೇ ಮಹಡಿ ತನಕ ತುಂಬಿ ಎಲ್ಲರೂ ಹೆದರಿಬಿಟ್ಟೆವು. ಈಗ ಮನೆಗೆ 750 ರೂಪಾಯಿ ಎತ್ತಿ, 24,000 ರೂಪಾಯಿಗೆ 8 ಬೆಂಕಿ ಆರಿಸುವ ಸಿಲಿಂಡರ್ ತರಿಸೋಣ ಅಂತ ಮಾತಾಗಿದೆ. ಇದು ಸರಿಯಾ? ಇನ್ನೇನು ಮಾಡಬೇಕು? ನಮ್ಮ ಅತ್ತೆಗೆ ಮಂಡಿನೋವು, ಮೂರನೇ ಮಹಡಿಯಿಂದ ತಾವಾಗೇ ಇಳಿಯೋಕೆ ಆಗುವುದಿಲ್ಲ. ಅವರದೇ ನನಗೆ ಚಿಂತೆ.

ಉತ್ತರ: ತಂಗಿ, ಯಾರಿಗೂ ಏನೂ ಆಗಲಿಲ್ಲ ಅಂತ ಓದಿ ಸಮಾಧಾನ ಆಯಿತು. ಆ ಹುಡುಗರು ನೀರು ಹಾಕದೆ ಮರಳು ಹಾಕಿದರಲ್ಲ, ಅವರಿಗೆ ನನ್ನ ಪರವಾಗಿ ಶಹಬ್ಬಾಸ್ ಹೇಳಿ. ಕರೆಂಟ್ ಹರಿಯುತ್ತಿರುವ ಬೋರ್ಡಿಗೆ ಒಂದು ಬಕೆಟ್ ನೀರು ಎರಚಿದ್ದರೆ ಎರಚಿದವನ ಜೀವವೇ ಹೋಗಬಹುದಿತ್ತು.

ದುಡ್ಡಿನ ವಿಷಯಕ್ಕೆ ಬರುತ್ತೇನೆ. 24,000 ರೂಪಾಯಿಯನ್ನು ಪೂರ್ತಿ ಸಿಲಿಂಡರಿಗೆ ಹಾಕಬೇಡಿ. ಎರಡು ತನ್ನಿ, ಹೆಚ್ಚೆಂದರೆ ಮೂರು. ಉಳಿದದ್ದನ್ನು ಮೀಟರ್ ಬೋರ್ಡಿಗೂ ಮೆಟ್ಟಿಲಿಗೂ ಖರ್ಚು ಮಾಡಿ. ನಾನು ಅಗ್ನಿಶಾಮಕ ಇಲಾಖೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ನಿಮ್ಮದರಂಥ ಕಟ್ಟಡಗಳಿಗೆ ಹಗಲಲ್ಲೂ ಹೋಗಿದ್ದೇನೆ, ನಡುರಾತ್ರಿ ಮಾಸ್ಕ್ ಹಾಕಿಕೊಂಡೂ ಹತ್ತಿದ್ದೇನೆ. ಆ ಅನುಭವದಿಂದಲೇ ಈ ಮಾತು ಹೇಳುತ್ತಿದ್ದೇನೆ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ನಡುವೆ ಎಲ್ಲೋ ಬಂದು ಹೋಗಿದೆ. ಹೊಗೆ ಮೂರನೇ ಮಹಡಿ ತನಕ ತುಂಬಿತು ಅಂದಿರಿ. ಸುಟ್ಟದ್ದು ಎಷ್ಟು? ಒಂದು ಬೋರ್ಡು, ಒಂದು ಸೀಟು. ಅಷ್ಟಕ್ಕೇ 32 ಮನೆಯವರು ಇಳಿಯುವ ದಾರಿ ಮುಚ್ಚಿಹೋಯಿತು. ನಮ್ಮೂರಲ್ಲಿ ಮಂಡಕ್ಕಿ ಭಟ್ಟಿ ನೋಡದವರು ಯಾರಿದ್ದಾರೆ? ಬುಡದಲ್ಲಿ ಉರಿ, ಮೇಲಕ್ಕೆ ಒಂದೇ ದಾರಿ. ಹೊಗೆ ಹೇಗೆ ಎಳೆದುಕೊಂಡು ಹೋಗುತ್ತದೆ ನೋಡಿದ್ದೀರಲ್ವಾ. ಮೆಟ್ಟಿಲ ಬುಡದಲ್ಲಿ ಬೆಂಕಿ ಬಿದ್ದರೆ ನಿಮ್ಮ ಮೆಟ್ಟಿಲೂ ಅದೇ ಚಿಮಣಿ. ಮನುಷ್ಯ ಓಡಿ ಹತ್ತುವುದಕ್ಕಿಂತ ಬೇಗ ಹೊಗೆ ಹತ್ತುತ್ತದೆ. ಸೀಟಿನ ಸ್ಪಂಜು, ವೈರಿನ ಮೇಲಿನ ಪ್ಲಾಸ್ಟಿಕ್ಕು ಉರಿದಾಗ ಬರುವ ಕಪ್ಪು ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ದಟ್ಟ ಹೊಗೆಯಲ್ಲಿ ಕೆಲವೇ ಉಸಿರಿಗೆ ತಲೆ ತಿರುಗುತ್ತದೆ, ಕಾಲು ಸೋಲುತ್ತದೆ. ನಾವು ಎಷ್ಟೋ ಸಲ ಮೆಟ್ಟಿಲ ಮೇಲೆ ಬಿದ್ದವರನ್ನು ಎತ್ತಿ ತಂದಿದ್ದೇವೆ. ಅವರ ಮೈಮೇಲೆ ಒಂದು ಸುಟ್ಟ ಗಾಯ ಇರುತ್ತಿರಲಿಲ್ಲ.

ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ನೆನಪಿರಬಹುದು. 2010ರ ಫೆಬ್ರವರಿ 23. ಬೆಂಕಿ ಹುಟ್ಟಿದ್ದು ಕರೆಂಟ್ ವೈರುಗಳು ಹೋಗುವ ಡಕ್ಟಿನಲ್ಲಿ. ಹೊಗೆ ಅದೇ ಡಕ್ಟ್ ಹಿಡಿದು ಮೇಲಿನ ಮಹಡಿಗಳಿಗೆ ಹೋಯಿತು. 9 ಜನ ಸತ್ತರು. ಉಸಿರು ಕಟ್ಟಿ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಅದು ಆಫೀಸುಗಳ ಕಟ್ಟಡ, ಕಾವಲಿನವರು ಇದ್ದ ಜಾಗ. ಅಂಥ ಕಡೆಯೇ ಹೀಗಾಯಿತು.

ಆದ್ದರಿಂದ ನಿಮ್ಮ ಕಟ್ಟಡಕ್ಕೆ ನನ್ನ ಸಲಹೆ ಒಂದೇ ಗುರಿ ಇಟ್ಟುಕೊಂಡದ್ದು. ಆ ಮೆಟ್ಟಿಲಲ್ಲಿ ಬೆಂಕಿ ಹುಟ್ಟಬಾರದು. ಎಲ್ಲಿಂದಲೋ ಹೊಗೆ ಬಂದರೂ ಅಲ್ಲಿ ನಿಲ್ಲಬಾರದು. ಉಳಿದ ಎಲ್ಲವೂ ಆಮೇಲೆ.

ಮೊದಲು ಮೀಟರ್ ಬೋರ್ಡು. ಸುಟ್ಟ ಬೋರ್ಡಿನ ಫೋಟೋ ನೀವು ಕಳಿಸಿಲ್ಲ, ಆದರೂ ಹೇಗಿರುತ್ತದೆ ಅಂತ ಹೇಳಬಲ್ಲೆ. ಮೆಟ್ಟಿಲ ಇಳಿಜಾರಿನ ಕೆಳಗೆ ಒಂದು ಹಲಗೆ, ಅದರ ಮೇಲೆ ಸಾಲಾಗಿ ಮೀಟರು. ಹಲಗೆ ಹಿಂದೆ ಜಡೆ ಹೆಣೆದ ಹಾಗೆ ವೈರುಗಳು. ಸರ್ವಿಸ್ ವೈರು ಅಲ್ಯೂಮಿನಿಯಂ, ಒಳಗಿನ ವೈರು ತಾಮ್ರ. ಎರಡನ್ನೂ ಸುಮ್ನೆ ತಿರುಚಿ ಮೇಲೆ ಕಪ್ಪು ಟೇಪು ಸುತ್ತಿರುತ್ತಾರೆ. ತಾಮ್ರ, ಅಲ್ಯೂಮಿನಿಯಂ ಹೀಗೆ ನೇರ ತಾಗಿದರೆ ಕೆಲವು ವರ್ಷದಲ್ಲಿ ಆ ಜಾಗ ತುಕ್ಕು ಹಿಡಿದ ಹಾಗೆ ಕೆಟ್ಟು ಸಡಿಲ ಆಗುತ್ತದೆ. ಸಡಿಲ ಆದ ಜಾಗ ಬಿಸಿಯಾಗುತ್ತದೆ. ಟೇಪು ಗಟ್ಟಿಯಾಗಿ ಸಿಪ್ಪೆ ಏಳುತ್ತದೆ. ಮೀಟರ್ ಕೆಳಗೆ ಕಂದು ಬಣ್ಣದ ಕಲೆ ಬೀಳುತ್ತದೆ, ಕೊಳೆತ ಮೀನಿನ ಥರ ಒಂದು ವಾಸನೆ ಬರುತ್ತದೆ. ಆ ವಾಸನೆಯನ್ನು ನಿಮ್ಮ ಕಟ್ಟಡದಲ್ಲಿ ಯಾರೋ ಒಬ್ಬರು ಖಂಡಿತ ಮೂಸಿರುತ್ತಾರೆ, ಇಲಿ ಸತ್ತಿದೆ ಅಂತ ಸುಮ್ಮನಾಗಿರುತ್ತಾರೆ.

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತದೆ, ನೋಡಿ. ಮನೆಗೆ ಒಂದೊಂದು ಕಿಲೋವ್ಯಾಟ್ ಅಂತ ಇಟ್ಟುಕೊಂಡರೆ 32 ಮನೆಗೆ 32. ಮೂರು ಫೇಸಿಗೆ ಹಂಚಿದರೆ ಫೇಸಿಗೆ ಸುಮಾರು 46 ಆಂಪ್ಸ್. ಈಗ ಮನೆಯಲ್ಲಿ ಏನೇನಿದೆ? ಇಂಡಕ್ಷನ್ ಒಲೆ ಒಂದೇ 2,000 ವ್ಯಾಟ್. ನೀರು ಕಾಯಿಸುವ ಕಾಯಿಲ್ 1,500. ಇನ್‌ಸ್ಟಂಟ್ ಗೀಸರ್ ಆದರೆ 3,000 ವ್ಯಾಟ್, ಅದೊಂದೇ 13 ಆಂಪ್ಸ್ ಎಳೆಯುತ್ತದೆ. ಬೆಳಿಗ್ಗೆ ಆರೂವರೆಗೆ ಎಲ್ಲ ಮನೆಯಲ್ಲೂ ಒಟ್ಟಿಗೆ ನೀರು ಕಾಯುತ್ತಿದ್ದರೆ 46 ಇದ್ದದ್ದು 92 ಆಗುವುದು ದೊಡ್ಡ ಮಾತಲ್ಲ. ಕರೆಂಟು ಎರಡು ಪಟ್ಟಾದರೆ ಸಡಿಲ ಜಾಯಿಂಟಿನ ಬಿಸಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ಹತ್ತು ವರ್ಷ ಏನೂ ಆಗದ ಬೋರ್ಡು ಒಂದು ದಿನ ಯಾಕೆ ಸುಟ್ಟಿತು ಅಂತ ಜನ ಕೇಳುತ್ತಾರೆ. ಕಾರಣ ಹೆಚ್ಚಾಗಿ ಇದೇ.

ಇನ್ನೊಂದು ತಪ್ಪು ಕಲ್ಪನೆ ಇದೆ. ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ಇದೆ, ಬೆಂಕಿ ಬರಲ್ಲ ಅಂತ ಎಲೆಕ್ಟ್ರಿಷಿಯನ್‌ಗಳೇ ಧೈರ್ಯ ಹೇಳುತ್ತಾರೆ. ಎಂಸಿಬಿ ಜಾಸ್ತಿ ಲೋಡನ್ನು ಹಿಡಿಯುತ್ತದೆ, ಶಾರ್ಟನ್ನು ಹಿಡಿಯುತ್ತದೆ. 30 ಮಿಲಿ ಆಂಪ್ಸಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್, ಶಾಕ್ ಹೊಡೆಯದಂತೆ ಕಾಪಾಡುತ್ತದೆ. ಎರಡೂ ಪ್ರತಿ ಮನೆಯಲ್ಲಿ ಬೇಕೇ ಬೇಕು. ಆದರೆ ಸಡಿಲ ಜಾಯಿಂಟನ್ನು ಇವೆರಡೂ ಹಿಡಿಯುವುದಿಲ್ಲ. ಅಲ್ಲಿ ಹರಿಯುವ ಕರೆಂಟು ಮಾಮೂಲಿನಷ್ಟೇ ಇರುತ್ತದೆ, ಬಿಸಿ ಮಾತ್ರ ಏರುತ್ತಿರುತ್ತದೆ. ಅದನ್ನು ಕಣ್ಣು, ಮೂಗು, ಸ್ಕ್ರೂಡ್ರೈವರ್ ಮಾತ್ರ ಹಿಡಿಯಬೇಕು. ಮನೆಯಲ್ಲಿ ಬಲ್ಬು ಒಮ್ಮೆ ಜಾಸ್ತಿ ಬೆಳಗಿ ಒಮ್ಮೆ ಮಂಕಾದರೆ, ಅದೇ ಹೊತ್ತಿಗೆ ಎದುರು ಮನೆಯಲ್ಲಿ ಉಲ್ಟಾ ಆದರೆ, ಕೆಳಗೆ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ವೈರು) ಸಡಿಲ ಆಗಿದೆ ಅಂತ ತಿಳಿಯಿರಿ. ಟಿವಿ, ಫ್ರಿಜ್ ಸುಡುವುದೂ ಇದರಿಂದಲೇ. ತಕ್ಷಣ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಮೀಟರ್ ತನಕದ ವೈರು ಬೆಸ್ಕಾಂನದು. ಸೀಲ್ ಇರುವುದನ್ನು ನೀವು ಯಾರೂ ಮುಟ್ಟಬೇಡಿ. ಮೀಟರ್ ದಾಟಿದ ಮೇಲೆ ನಿಮ್ಮದು. ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಕೆಲಸ ಮಾಡಿಸಿ. ಅವರಿಗೆ ಕೇಳಬೇಕಾದದ್ದು ಇಷ್ಟು: ಅಲ್ಯೂಮಿನಿಯಂ ತಾಮ್ರ ಸೇರುವ ಕಡೆ ಎರಡಕ್ಕೂ ಹೊಂದುವ ಲಗ್ (ವೈರಿನ ತುದಿಗೆ ಹಾಕುವ ಲೋಹದ ಟೋಪಿ) ಹಾಕಿ ಒತ್ತಿರಬೇಕು. ಮರದ ಹಲಗೆ ತೆಗೆದು ಬಾಗಿಲಿರುವ ತಗಡಿನ ಪೆಟ್ಟಿಗೆ ಕೂರಿಸಬೇಕು. ಕಿಟ್‌ಕ್ಯಾಟ್ ಫ್ಯೂಸಿನಲ್ಲಿ ದಪ್ಪ ತಾಮ್ರದ ಎಳೆ ಸುತ್ತಿದ್ದರೆ ಕಿತ್ತು ಹಾಕಬೇಕು. ಇಡೀ ಕಟ್ಟಡದ ಕರೆಂಟನ್ನು ಒಂದೇ ಕೈಯಲ್ಲಿ ಆರಿಸುವ ಮೇನ್ ಸ್ವಿಚ್ ಇರಬೇಕು. ಅದು ಬೋರ್ಡಿನ ಮಗ್ಗುಲಲ್ಲಿ ಬೇಡ, ಹೊರಗಡೆ, ಬೆಂಕಿ ಇದ್ದಾಗಲೂ ಕೈಗೆ ಸಿಗುವ ಕಡೆ ಬೇಕು. ಬೋರ್ಡನ್ನೇ ಮೆಟ್ಟಿಲ ಕೆಳಗಿಂದ ಹೊರಗಿನ ಗೋಡೆಗೆ, ಮೇಲೆ ಶೀಟು ಹಾಕಿ ಸರಿಸಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಹೇಗೂ ಸುಟ್ಟಿದೆ, ಹೊಸದು ಹಾಕಲೇಬೇಕು. ಇದೇ ಸರಿಯಾದ ಸಮಯ. ಮನೆ ಕೊಟ್ಟ ಮಂಡಳಿಯ ಎಂಜಿನಿಯರಿಗೂ ಬೆಸ್ಕಾಂ ಸೆಕ್ಷನ್ ಆಫೀಸಿಗೂ ಒಟ್ಟಿಗೆ ಅರ್ಜಿ ಕೊಡಿ.

ಎರಡನೆಯದು, ಬೋರ್ಡಿನ ಪಕ್ಕದ ಬೈಕು. ಬೋರ್ಡಿನಲ್ಲಿ ಕಿಡಿ, ಕೆಳಗೆ ಪೆಟ್ರೋಲು, ಮೇಲೆ 32 ಮನೆ. ಅವತ್ತು ಸೀಟಿಗೆ ನಿಂತದ್ದು ನಿಮ್ಮ ಪುಣ್ಯ, ಟ್ಯಾಂಕಿಗೆ ಹೋಗಿದ್ದರೆ ಮರಳಿನಿಂದ ಆಗುತ್ತಿರಲಿಲ್ಲ. ಕಳ್ಳರ ಭಯಕ್ಕೆ ಒಳಗೆ ನಿಲ್ಲಿಸುತ್ತಾರೆ, ಅದು ನನಗೆ ಗೊತ್ತು. ಸಾಲ ಮಾಡಿ ತೆಗೆದುಕೊಂಡ ಗಾಡಿ, ಅದರ ಮೇಲೇ ಹೊಟ್ಟೆಪಾಡು. ಅದಕ್ಕೇ ಬರೀ ನಿಲ್ಲಿಸಬೇಡಿ ಅಂದರೆ ಯಾರೂ ಕೇಳುವುದಿಲ್ಲ. ನೀವು ಎತ್ತಿದ ದುಡ್ಡಿನಲ್ಲಿ ಒಂದು ಪಾಲು ತೆಗೆದು, ಹೊರಗಿನ ಗೋಡೆಗೆ ಕಬ್ಬಿಣದ ಪೈಪು ಕೂರಿಸಿ, ಸರಪಳಿ ಬೀಗ ಹಾಕಿಕೊಳ್ಳುವ ಹಾಗೆ ಮಾಡಿ, ಮೇಲೊಂದು ಲೈಟು ಹಾಕಿ. ಆಗ ಕೇಳುತ್ತಾರೆ.

ಎಲೆಕ್ಟ್ರಿಕ್ ಸ್ಕೂಟರ್ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಇರಿ. ಮೆಟ್ಟಿಲ ಕೆಳಗೆ ರಾತ್ರಿಯಿಡೀ ಚಾರ್ಜಿಗೆ ಹಾಕುವುದು ಬೇಡವೇ ಬೇಡ. ಲಿಥಿಯಂ ಬ್ಯಾಟರಿಯ ಒಂದು ಸೆಲ್ಲು ಕೆಟ್ಟು ಬಿಸಿಯೇರಿದರೆ ಪಕ್ಕದ್ದನ್ನೂ ಬಿಸಿ ಮಾಡುತ್ತದೆ, ಅದು ಮುಂದಿನದನ್ನು. ಬೆಂಕಿ ಆರಿಸುವ ಸಿಲಿಂಡರಿನ ಪೌಡರ್ ಹೊಡೆದರೆ ಉರಿ ಒಂದು ಕ್ಷಣ ಅಡಗಿ ಮತ್ತೆ ಏಳುತ್ತದೆ. ಬ್ಯಾಟರಿ ಕಳಚಿ ಮನೆಗೆ ತಂದು ಬಾಗಿಲ ಹತ್ತಿರ ಚಾರ್ಜ್ ಮಾಡುವವರೂ ಇದ್ದಾರೆ. ಅದೂ ತಪ್ಪು, ಹೊತ್ತಿಕೊಂಡರೆ ಹೊರಗೆ ಓಡುವ ದಾರಿಗೆ ಅದೇ ಅಡ್ಡ. ಹೊರಗೆ, ಮಳೆ ತಾಗದ ಕಡೆ, ಹಗಲು ಹೊತ್ತು, ಕಂಪನಿಯ ಚಾರ್ಜರಿನಲ್ಲೇ ಚಾರ್ಜ್ ಆಗಲಿ.

ಆಮೇಲೆ ಮನೆಗಳ ಮುಂದಿನ ಪಡಸಾಲೆಯಲ್ಲಿ ಇಟ್ಟ ಸಾಮಾನು. ನಮ್ಮೂರಲ್ಲಿ ನಲ್ಲಿ ದಿನಾ ಬರುವುದಿಲ್ಲ, ಡ್ರಮ್ಮು ಇಡದೆ ಗತಿಯಿಲ್ಲ. ನೀರು ತುಂಬಿದ ಡ್ರಮ್ಮು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಆದರೆ ಕತ್ತಲಲ್ಲಿ, ಹೊಗೆಯಲ್ಲಿ, ಗೋಡೆ ಸವರಿಕೊಂಡು ಬರುವವರ ಕಾಲಿಗೆ ಸಿಗುತ್ತದೆ. ಒಂದೇ ಗೋಡೆಗೆ ಇಡಿ, ಇನ್ನೊಂದು ಗೋಡೆ ಪೂರ್ತಿ ಖಾಲಿ ಇರಲಿ. ಆ ಖಾಲಿ ಗೋಡೆಗೆ ಎಡಗೈಯೋ ಬಲಗೈಯೋ ಇಟ್ಟುಕೊಂಡು ಕಣ್ಣು ಮುಚ್ಚಿ ಮೆಟ್ಟಿಲ ತನಕ ನಡೆದು ನೋಡಿ. ಎಲ್ಲಿ ಎಡವುತ್ತೀರೋ ಅದನ್ನು ಎತ್ತಿಡಿ. ಮೆಟ್ಟಿಲ ಮೇಲಂತೂ ಏನೂ ಬೇಡ. ಅದರ ಅಗಲ ಒಂದು ಮೀಟರ್ ಆಸುಪಾಸು ಇರುತ್ತದೆ, ಅದರಲ್ಲಿ ಹಳೇ ಕೂಲರು, ಸೈಕಲ್ಲು ಇಟ್ಟರೆ ಉಳಿಯುವುದು ಅರ್ಧ. ಮಂಡಕ್ಕಿ ಚೀಲ, ಹಳೇ ಹಾಸಿಗೆ, ರಟ್ಟಿನ ಡಬ್ಬ ಇವು ಮೆಟ್ಟಿಲ ಬಳಿ ಇದ್ದರೆ ಇವತ್ತೇ ತೆಗೆಸಿ. ಪ್ಲಾಸ್ಟಿಕ್ ಚೀಲದ ಹೊಗೆ ಎಷ್ಟು ಕಪ್ಪು ಅಂತ ನಿಮಗೆ ಹೇಳಬೇಕಾಗಿಲ್ಲ.

ಇನ್ನು ತಾರಸಿ ಬಾಗಿಲು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೆ ಇದರ ಬಗ್ಗೆ ಜಗಳ ಆಗದ ಕಟ್ಟಡ ನಾನು ನೋಡಿಲ್ಲ. ಹುಡುಗರು ಹೋಗಿ ಕುಡಿಯುತ್ತಾರೆ, ಟ್ಯಾಂಕಿಗೆ ಏನಾದರೂ ಹಾಕುತ್ತಾರೆ, ಮಕ್ಕಳು ಬೀಳುತ್ತಾರೆ. ಅದಕ್ಕೆ ಬೀಗ. ಕೀಲಿ ಯಾರದೋ ಮನೆಯಲ್ಲಿ, ಅವರು ಊರಿಗೆ ಹೋಗಿರುತ್ತಾರೆ. ಹೊಗೆಗೆ ಹೆದರಿ ಮೇಲಕ್ಕೆ ಓಡಿದವರು ಬೀಗದ ಮುಂದೆ ನಿಲ್ಲುತ್ತಾರೆ. ಮೆಟ್ಟಿಲಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊಗೆ ತುಂಬುವ ಜಾಗವೇ ಅದು. ಬೀಗ ತೆಗೆಸಿ ಒಳಗಿನಿಂದ ಚಿಲಕ ಹಾಕಿ, ದೊಡ್ಡವರ ಎತ್ತರಕ್ಕೆ. ಮೇಲೆ ಹೋಗುವವರ ಮೇಲೆ ಕಣ್ಣಿಡುವ ಕೆಲಸವನ್ನು ಮೂರನೇ ಮಹಡಿಯವರು ಹೊತ್ತುಕೊಳ್ಳಲಿ. ತಾರಸಿಯ ಮೆಟ್ಟಿಲ ಗೂಡಿನಲ್ಲಿ ಸಿಮೆಂಟ್ ಜಾಲರಿ ಇದ್ದರೆ, ಮಳೆ ಎರಚಲಿಗೆ ಅಂತ ತಗಡು, ಫ್ಲೆಕ್ಸ್ ಬಡಿದಿರುತ್ತಾರೆ. ಕಿತ್ತು ಬಿಡಿ. ಒಂದಿಷ್ಟು ನೀರು ಬಿದ್ದರೆ ಒರೆಸಬಹುದು. ಹೊಗೆ ಹೊರಗೆ ಹೋಗಲು ನಿಮಗಿರುವ ಕಿಂಡಿ ಅದೊಂದೇ.

ಮನೆಯ ಮುಂಬಾಗಿಲ ಬಗ್ಗೆ ಹೇಳುವ ಮುಂಚೆ ದೂರದ ಒಂದು ಊರಿನ ಕತೆ ಹೇಳಬೇಕು. ಲಂಡನ್ನಿನ ಗ್ರೆನ್‌ಫೆಲ್ ಟವರ್ ಕೂಡ ನಿಮ್ಮ ಕಟ್ಟಡದ ಹಾಗೇ ಸ್ಥಳೀಯ ಆಡಳಿತ ಕಡಿಮೆ ಬಾಡಿಗೆಗೆ ಕೊಟ್ಟ ಮನೆಗಳ ಕಟ್ಟಡ. 24 ಮಹಡಿ, ಮೆಟ್ಟಿಲು ಒಂದೇ. 2017ರ ಜೂನ್ 14ರ ರಾತ್ರಿ ನಾಲ್ಕನೇ ಮಹಡಿಯ ಒಂದು ಅಡುಗೆಮನೆಯ ಫ್ರಿಜ್ಜಿನ ಹತ್ತಿರ ಬೆಂಕಿ ಹುಟ್ಟಿತು. ಹೊರಗೋಡೆಗೆ ಚೆಂದಕ್ಕೂ ಚಳಿಗೂ ಅಂತ ಅಂಟಿಸಿದ್ದ ಹಾಳೆಗಳಿಗೆ ಹತ್ತಿ ಕಟ್ಟಡದ ಉದ್ದಕ್ಕೂ ಏರಿತು. 72 ಜನ ಸತ್ತರು. ನಿಮ್ಮ ಕಟ್ಟಡಕ್ಕೆ ಆ ಹಾಳೆ ಇಲ್ಲ, ಇಟ್ಟಿಗೆ ಮತ್ತು ಕಾಂಕ್ರೀಟು. ಅಷ್ಟರ ಮಟ್ಟಿಗೆ ಧೈರ್ಯವಾಗಿರಿ. ಆದರೆ ಆಮೇಲಿನ ತನಿಖೆಯಲ್ಲಿ ಬಾಗಿಲುಗಳ ಮಾತು ಮತ್ತೆ ಮತ್ತೆ ಬಂತು. ತಾನಾಗಿ ಮುಚ್ಚಿಕೊಳ್ಳಬೇಕಾದ ಬಾಗಿಲುಗಳು ಎಷ್ಟೋ ಕಡೆ ಮುಚ್ಚಿಕೊಳ್ಳಲಿಲ್ಲ. ಜನ ಓಡಿ ಬಂದರು, ಬಾಗಿಲು ತೆರೆದೇ ಉಳಿಯಿತು, ಹೊಗೆ ಮೆಟ್ಟಿಲಿಗೆ ನುಗ್ಗಿತು.

ನಮ್ಮಲ್ಲಿ ಬೆಂಕಿ ಬಿದ್ದ ಮನೆಯಿಂದ ಓಡುವಾಗ ಬಾಗಿಲು ಎಳೆದುಕೊಳ್ಳಬೇಕು ಅಂತ ಯಾರಿಗೂ ಯಾರೂ ಹೇಳಿಕೊಟ್ಟಿಲ್ಲ. ಗಟ್ಟಿ ಮರದ ಬಾಗಿಲು ಮುಚ್ಚಿದ್ದರೆ ಹತ್ತು ಹದಿನೈದು ನಿಮಿಷ ಬೆಂಕಿಯನ್ನು ಒಳಗೇ ತಡೆದು ಹಿಡಿಯುತ್ತದೆ. ಅಷ್ಟರಲ್ಲಿ ಉಳಿದ 31 ಮನೆಯವರು ಇಳಿದಿರುತ್ತಾರೆ. ಇದನ್ನು ಮಕ್ಕಳಿಗೂ ಕಲಿಸಿ: ಎಲ್ಲರೂ ಹೊರಗೆ ಬಂದಮೇಲೆ ಬಾಗಿಲು ಎಳೆ, ಬೀಗ ಹಾಕಬೇಡ, ಕೂಗು. ಬಾಗಿಲ ಮೇಲೆ ಕೂರಿಸುವ ಡೋರ್ ಕ್ಲೋಸರ್ ಅಂಗಡಿಯಲ್ಲಿ ಸಿಗುತ್ತದೆ. ಎಲ್ಲರಿಗೂ ಆಗದಿದ್ದರೆ ಮೆಟ್ಟಿಲಿಗೆ ಹತ್ತಿರದ ಮನೆಗಳಿಗಾದರೂ ಹಾಕಿಸಿ. ವೈರು, ಕೇಬಲ್ಲು, ಪೈಪು ಹೋಗಲು ಗೋಡೆಯಲ್ಲಿ, ಸ್ಲ್ಯಾಬಿನಲ್ಲಿ ಕೊರೆದ ತೂತುಗಳನ್ನು ಸಿಮೆಂಟಿನಿಂದ ಮುಚ್ಚಿಸಿ. ಮೇಸ್ತ್ರಿಗೆ ಒಂದು ದಿನದ ಕೆಲಸ. ಕಾರ್ಲ್‌ಟನ್ನಿನಲ್ಲಿ ಹೊಗೆ ಏರಿದ್ದು ಇಂಥ ದಾರಿಯಲ್ಲೇ.

ಗ್ಯಾಸಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಹೆಚ್ಚಿನದು ನಿಮಗೆ ಗೊತ್ತಿರುತ್ತದೆ. ಒಂದು ಸಿಲಿಂಡರಿನಲ್ಲಿ 14.2 ಕೆಜಿ, ಮನೆಗೊಂದು ಅಂದರೂ ನಿಮ್ಮ ಕಟ್ಟಡದಲ್ಲಿ 450 ಕೆಜಿಗೂ ಜಾಸ್ತಿ ಗ್ಯಾಸ್ ಇದೆ. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಲೇಬೇಕು, ದಿನಾಂಕ ಅದರ ಮೇಲೇ ಅಚ್ಚಾಗಿರುತ್ತದೆ. ಗ್ಯಾಸು ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಕೂರುತ್ತದೆ. ಅದಕ್ಕೇ ವಾಸನೆ ಬಂದರೆ ಬಾಗಿಲು ಕಿಟಕಿ ಎಲ್ಲ ತೆರೆಯಿರಿ, ರೆಗ್ಯುಲೇಟರ್ ಆರಿಸಿ, ಸ್ವಿಚ್ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ, ಎರಡರಲ್ಲೂ ಕಿಡಿ ಬರುತ್ತದೆ. ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ.

ಈಗ ಎಕ್ಸ್‌ಟಿಂಗ್ವಿಷರ್, ಅಂದರೆ ನೀವು ಕೇಳಿದ ಬೆಂಕಿ ಆರಿಸುವ ಸಿಲಿಂಡರ್. 6 ಕೆಜಿಯ ಎಬಿಸಿ ಪೌಡರ್ (ಮರ ಬಟ್ಟೆ, ಎಣ್ಣೆ ಪೆಟ್ರೋಲು, ಗ್ಯಾಸು ಮೂರೂ ಬಗೆಯ ಬೆಂಕಿಗೆ ಆಗುವ ಪುಡಿ), ಐಎಸ್‌ಐ ಗುರುತು ಇರುವುದು. ಒಂದು ನೆಲಮಹಡಿಯಲ್ಲಿ, ಬೋರ್ಡಿನಿಂದ ನಾಲ್ಕು ಹೆಜ್ಜೆ ದೂರ, ಹೊರಬಾಗಿಲ ಕಡೆ. ಇನ್ನೊಂದು ಎರಡನೇ ಮಹಡಿಯಲ್ಲಿ. ಎಂಟು ಯಾಕೆ ಬೇಡ ಅಂದರೆ, ಒಂದರಲ್ಲಿ ಪೌಡರ್ ಬರುವುದು ಹದಿನೈದು ಇಪ್ಪತ್ತು ಸೆಕೆಂಡ್ ಅಷ್ಟೇ. ಅಷ್ಟರಲ್ಲಿ ಆರದ ಬೆಂಕಿ ನಿಮ್ಮ ಕೈಮೀರಿದ್ದು, ಬಿಟ್ಟು ಓಡಬೇಕು. ಮತ್ತೆ ಎಂಟನ್ನೂ ವರ್ಷ ವರ್ಷ ಸರ್ವಿಸ್ ಮಾಡಿಸುವ ದುಡ್ಡು ಎಲ್ಲಿಂದ ಬರುತ್ತದೆ? ಒತ್ತಡ ತೋರಿಸುವ ಮುಳ್ಳು ಕೆಂಪಿಗೆ ಇಳಿದ, ಪಿನ್ನಿನ ಜಾಗಕ್ಕೆ ತಂತಿ ಕಟ್ಟಿದ ಎಕ್ಸ್‌ಟಿಂಗ್ವಿಷರನ್ನು ನಾನು ಎಷ್ಟೋ ಗೋಡೆಯ ಮೇಲೆ ನೋಡಿದ್ದೇನೆ. ಎರಡಿದ್ದರೆ ತಿಂಗಳಿಗೊಮ್ಮೆ ಮುಳ್ಳು ಹಸಿರಲ್ಲಿದೆಯಾ ಅಂತ ನೋಡಬಹುದು. ಬಳಸುವುದು ಹೀಗೆ: ಪಿನ್ ಕೀಳಿ, ಉರಿಯ ತುದಿಗಲ್ಲ ಬುಡಕ್ಕೆ ಗುರಿ ಇಡಿ, ಹಿಡಿಕೆ ಒತ್ತಿ, ಆಚೀಚೆ ಬೀಸಿ. ಬೆನ್ನ ಹಿಂದೆ ಓಡುವ ದಾರಿ ಇರಬೇಕು. ಅವತ್ತಿನ ಮರಳಿನ ಎರಡು ಬಕೆಟ್ ಹಾಗೇ ಇರಲಿ, ಅದು ಒಳ್ಳೆಯದೇ.

ತಾರಸಿ ಟ್ಯಾಂಕಿನಿಂದ ಪೈಪು ಎಳೆದು ಮಹಡಿಗೊಂದು ನಲ್ಲಿ ಇಡೋಣ ಅಂತ ಕೆಲವರು ಕೇಳುತ್ತಾರೆ. ಕೆಳಗಿನ ಮಹಡಿಗೆ ಸರಿ. ಮೂರನೇ ಮಹಡಿಯಲ್ಲಿ ಟ್ಯಾಂಕು ತಲೆ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಷ್ಟೇ ಇರುವುದರಿಂದ ನೀರು ಜೋರಾಗಿ ಚಿಮ್ಮುವುದಿಲ್ಲ. ಆ ದುಡ್ಡು ಬೋರ್ಡಿಗೆ ಹಾಕಿ.

ಒಂದು ವಸ್ತು ನಮ್ಮ ಸೀಮೆಯ ಮನೆಗಳಲ್ಲಿ ಈಗಲೂ ಇರುತ್ತದೆ, ಕುರಿ ಕಂಬಳಿ. ಚಳ್ಳಕೆರೆ ಕಡೆಯ ಅಸಲಿ ಉಣ್ಣೆಯದು. ಉಣ್ಣೆಗೆ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ, ಹತ್ತಿದರೂ ಸುರುಟಿ ಕರಕಾಗಿ ತಾನೇ ಆರುತ್ತದೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ, ದೊಡ್ಡ ಮುಚ್ಚಳವನ್ನೋ ಮಡಚಿದ ಕಂಬಳಿಯನ್ನೋ ಮುಚ್ಚಿ, ತಣ್ಣಗಾಗುವ ತನಕ ತೆಗೆಯಬೇಡಿ. ನೀರು ಮಾತ್ರ ಹಾಕಬೇಡಿ, ಎಣ್ಣೆ ಸಿಡಿದು ಛಾವಣಿಗೆ ಹೋಗುತ್ತದೆ. ಯಾರದಾದರೂ ಸೀರೆಗೆ ಹತ್ತಿದರೆ ಓಡಲು ಬಿಡದೆ ನೆಲಕ್ಕೆ ಮಲಗಿಸಿ ಕಂಬಳಿ ಸುತ್ತಿ. ಆಮೇಲೆ ಇಪ್ಪತ್ತು ನಿಮಿಷ ನಲ್ಲಿ ನೀರು ಬಿಡಿ. ಟೂತ್‌ಪೇಸ್ಟು, ಇಂಕು, ಅರಿಶಿನ ಏನೂ ಹಚ್ಚಬೇಡಿ. ಬಣ್ಣ ಬಣ್ಣದ ಮೆತ್ತನೆ ಬ್ಲಾಂಕೆಟ್ ಬರುತ್ತದಲ್ಲ, ಪಾಲಿಯೆಸ್ಟರಿನದು, ಅದನ್ನು ಇದಕ್ಕೆ ಬಳಸಬೇಡಿ. ಅದು ಕರಗಿ ಮೈಗೆ ಅಂಟುತ್ತದೆ.

ರಾತ್ರಿ ಮತ್ತೆ ಹೀಗಾದರೆ? ಮೆಟ್ಟಿಲು ತಿಳಿಯಾಗಿದ್ದರೆ ತಡ ಮಾಡದೆ ಇಳಿಯಿರಿ. ಬಾಗಿಲು ತೆರೆದಾಗ ಮೆಟ್ಟಿಲು ಕಪ್ಪಾಗಿ ಕಂಡರೆ ಅದರೊಳಗೆ ನುಗ್ಗಲೇಬೇಡಿ, ಇದು ನನ್ನ ಕೈಮುಗಿದ ಕೋರಿಕೆ. ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ, ರಸ್ತೆ ಕಡೆಯ ಕಿಟಕಿಗೆ ಬನ್ನಿ, 112ಕ್ಕೆ ಫೋನ್ ಮಾಡಿ ಯಾವ ಮಹಡಿ, ಎಷ್ಟು ಜನ ಅಂತ ಹೇಳಿ, ಬಟ್ಟೆ ಬೀಸಿ. ಇಟ್ಟಿಗೆ ಗೋಡೆಯ ಮನೆಯಲ್ಲಿ ಮುಚ್ಚಿದ ಬಾಗಿಲ ಹಿಂದೆ ನೀವು ಬದುಕುತ್ತೀರಿ. ಕಿಟಕಿಯ ಗ್ರಿಲ್ಲಿನಲ್ಲಿ ಒಂದು ಭಾಗ ತೆಗೆಯಲು ಬರುವ ಹಾಗೆ ಕೀಲು ಹಾಕಿಸಿದರೆ ನಮ್ಮವರು ಏಣಿ ಹಾಕಲು ಸುಲಭ. ಎಚ್ಚರಿಸಲು ಮೆಟ್ಟಿಲ ಬಳಿ ಶಾಲೆಯ ಗಂಟೆಯ ಥರ ಒಂದು ಕಬ್ಬಿಣದ ತುಂಡು ತೂಗುಹಾಕಿ. ಬ್ಯಾಟರಿಯ ಹೊಗೆ ಅಲಾರಂ ಒಂದನ್ನು ಬೋರ್ಡಿನ ಮೇಲಿನ ಸೂರಿಗೆ ಹಾಕಿ. ಅಡುಗೆಮನೆಯ ಹತ್ತಿರ ಬೇಡ, ಮೆಣಸಿನಕಾಯಿ ಒಗ್ಗರಣೆಗೆಲ್ಲ ಕೂಗಿದರೆ ಎರಡೇ ದಿನಕ್ಕೆ ಯಾರಾದರೂ ಬ್ಯಾಟರಿ ಕಿತ್ತುಬಿಡುತ್ತಾರೆ.

ಅರ್ಜಿಯ ವಿಷಯ. ಗ್ರೆನ್‌ಫೆಲ್ಲಿನ ಜನ ಬೆಂಕಿಗೆ ಮುಂಚೆಯೇ ಸುರಕ್ಷತೆಯ ಬಗ್ಗೆ ಬರೆದು ಬರೆದು ದೂರಿದ್ದರು, ಕೇಳಿಸಿಕೊಳ್ಳಲಿಲ್ಲ. ಅದು ನನಗೆ ಈಗಲೂ ಸಂಕಟ ತರುತ್ತದೆ. ನೀವು ಬರೆಯುವಾಗ ಒಂದೇ ಪುಟ ಬರೆಯಿರಿ, ಸುಟ್ಟ ಬೋರ್ಡಿನ ಫೋಟೋ ಅಂಟಿಸಿ, 32 ಮನೆಯವರ ಸಹಿ ಹಾಕಿಸಿ. ಮಂಡಳಿಗೆ, ಪಾಲಿಕೆಗೆ, ಬೆಸ್ಕಾಂಗೆ ಒಂದೊಂದು ಪ್ರತಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಒಂದು ತಿಂಗಳು ಸುಮ್ಮನಿದ್ದರೆ ಮಾಹಿತಿ ಹಕ್ಕಿನಲ್ಲಿ ಆ ಅರ್ಜಿ ಏನಾಯಿತು ಅಂತ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಅಗ್ನಿಶಾಮಕ ಠಾಣೆಗೂ ಒಂದು ಪತ್ರ ಕೊಟ್ಟು ಅಣಕು ಪ್ರದರ್ಶನ ಕೇಳಿ. ಏಪ್ರಿಲ್ 14ರಿಂದ 20ರ ತನಕ ಅಗ್ನಿಶಾಮಕ ಸಪ್ತಾಹ ಇರುತ್ತದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸಿಡಿದು ಸತ್ತ ನಮ್ಮ ಸಿಬ್ಬಂದಿಯ ನೆನಪಿಗೆ ಮಾಡುವುದು ಅದು. ಆ ವಾರ ಠಾಣೆಯವರೇ ಬಡಾವಣೆಗಳಿಗೆ ಬರುತ್ತಾರೆ. ನಮ್ಮ ಗಾಡಿ ನಿಮ್ಮ ಗೇಟಿನ ತನಕ ಬರಲು ದಾರಿ ಇದೆಯಾ ಅನ್ನುವುದೂ ಅವತ್ತೇ ಗೊತ್ತಾಗುತ್ತದೆ.

ಕೊನೆಗೆ ನಿಮ್ಮ ಅತ್ತೆಯವರು. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರದ ಮಾರ್ಗಸೂಚಿಯಲ್ಲಿ ಅಂಗವಿಕಲರು, ಹಿರಿಯರು ಇರುವ ಕುಟುಂಬಕ್ಕೆ ನೆಲಮಹಡಿ ಅಥವಾ ಕೆಳಗಿನ ಮಹಡಿ ಕೊಡಲು ಆದ್ಯತೆ ಇದೆ. ನಿಮ್ಮದು ಯಾವ ಯೋಜನೆಯ ಮನೆಯಾದರೂ ಅದನ್ನು ಹೇಳಿ ಕೇಳಬಹುದು. ಕೆಳಗಿನ ಯಾರಾದರೂ ಮನೆ ಅದಲುಬದಲಿಗೆ ಒಪ್ಪಿದರೆ, ಮಂಡಳಿಯ ಲಿಖಿತ ಅನುಮತಿ ತೆಗೆದುಕೊಂಡೇ ಮಾಡಿ, ಬಾಯಿಮಾತಿನಲ್ಲಿ ಬೇಡ. ಅಲ್ಲಿಯ ತನಕ ಅದೇ ಮಹಡಿಯ ಇಬ್ಬರು ಗಟ್ಟಿ ಹುಡುಗರನ್ನು ಗೊತ್ತು ಮಾಡಿ. ಅವರು ಊರಲ್ಲಿಲ್ಲದಾಗ ಯಾರು ಅನ್ನುವುದೂ ಗೊತ್ತಿರಲಿ. ಕೈ ಇರುವ ಗಟ್ಟಿ ಕುರ್ಚಿಯೊಂದು ಬಾಗಿಲ ಬಳಿ ಇರಲಿ. ಅಮ್ಮನವರನ್ನು ಕೂರಿಸಿ, ಸೊಂಟದ ಸುತ್ತ ಒಂದು ಸೀರೆ ಬಿಗಿಯಿರಿ. ಬಲ ಜಾಸ್ತಿ ಇರುವವನು ಹಿಂದೆ ನಿಂತು ಬೆನ್ನಿನ ಕಡೆ ಹಿಡಿಯಲಿ. ಇನ್ನೊಬ್ಬ ಮುಂದೆ, ಕುರ್ಚಿಯ ಮುಂಗಾಲು ಹಿಡಿದು, ಒಂದೊಂದೇ ಮೆಟ್ಟಿಲು ಎಣಿಸುತ್ತ ಇಳಿಯಲಿ. ಮೊದಲ ಸಲವೇ ಅವರನ್ನು ಕೂರಿಸಬೇಡಿ, ಹೆದರುತ್ತಾರೆ. 50 ಕೆಜಿಯ ಅಕ್ಕಿ ಮೂಟೆ ಇಟ್ಟು ಮೂರು ಸಲ ಇಳಿಸಿ ನೋಡಿ. ತಿರುವಿನಲ್ಲಿ ಕುರ್ಚಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ತಿಳಿದ ಮೇಲೆ, ಒಂದು ಭಾನುವಾರ ಬೆಳಕಿದ್ದಾಗ, ಅವರನ್ನೇ ಕೂರಿಸಿ ನಿಧಾನಕ್ಕೆ ಕೆಳಗೆ ಕರೆದುಕೊಂಡು ಬನ್ನಿ.